ಬೀಳದ ಗೇರು, ಭದ್ರೆಯ ಹಿನ್ನೀರು

‘ಗೇರ್ ಬೀಳ್ತಿಲ್ಲ’ ಎಂಬ ದೂರು ಹೊತ್ತು ಬರುವ ಹಳೆಯ ದೋಣಿ ಎಂಜಿನ್‌ಗಳಲ್ಲಿ ಎಷ್ಟೋ ಸಲ ಗೇರು ಗಟ್ಟಿಯಾಗಿಯೇ ಇರುತ್ತದೆ. ಪಳಗಿದ ಮೆಕ್ಯಾನಿಕ್‌ಗೆ ಇದು ಗೊತ್ತು. ಅದಕ್ಕೇ ಅವನು ಸ್ಪ್ಯಾನರ್‌ಗೆ ಕೈ ಹಾಕುವ ಮೊದಲು ಲಿವರ್‌ಗೆ ಕೈ ಹಾಕುತ್ತಾನೆ.

ಶೃಂಗೇರಿಯ ತುಂಗೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕುವವರಿಗೆ ಈ ಕಸುಬಿನ ಗೊಡವೆ ಬೇಡ. ಕೊಪ್ಪದ ಕಡೆ ಎಂಜಿನ್ ಎಂದರೆ ಅಡಿಕೆಗೆ ಔಷಧಿ ಹೊಡೆಯುವ ಸ್ಪ್ರೇಯರ್, ಕಾಫಿ ತೋಟದ ಪಂಪ್‌ಸೆಟ್. ನರಸಿಂಹರಾಜಪುರದ ಮಾತು ಬೇರೆ. ಲಕ್ಕವಳ್ಳಿಯಲ್ಲಿ ಭದ್ರೆಯನ್ನು ತಡೆದ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಒಳಕ್ಕೆ ಚಾಚಿಕೊಂಡಿದೆ. 186 ಅಡಿ ತುಂಬಿದರೆ 71.5 ಟಿಎಂಸಿ ನೀರು. ಅತ್ತ ಲಕ್ಕವಳ್ಳಿಯ ದಡದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುವ ರಿವರ್ ಟರ್ನ್ ಲಾಡ್ಜ್‌ನಿಂದ ಸಫಾರಿ ದೋಣಿಗಳು ಹೊರಡುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ, ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ. ತಲೆ ಎತ್ತಿದ ಬೊಡ್ಡೆಯ ಭಯವಿಲ್ಲ. ನೀರಿನ ಒಂದಡಿ ಕೆಳಗೆ ಉಳಿದದ್ದೇ ಎಂಜಿನ್‌ಗೆ ಕಂಟಕ.

ದೋಣಿಯ ಹಿಂದೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ನನ್ನು ಅಮೆರಿಕದ ಓಲೆ ಎವಿನ್‌ರೂಡ್ 1909ರಲ್ಲಿ ತನ್ನ ಹೆಸರಿನಲ್ಲಿ ಮಾರುಕಟ್ಟೆಗೆ ತಂದ. ಆ ಹೆಸರಿನ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತೇಹೋಯಿತು. ಹಾಗಾಗಿ ಹಳೆಯದನ್ನು ಇಟ್ಟುಕೊಂಡವರಿಗೆ ಬಿಡಿಭಾಗಕ್ಕಿಂತ ಬಲ್ಲವನ ಕೈಯೇ ಆಧಾರ. ಆ ಕೈಗಳು ಹೆಚ್ಚಾಗಿ ಇರುವುದು ಆಗುಂಬೆ ಘಾಟಿಯ ಕೆಳಗೆ, ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳ ಸಹವಾಸದಲ್ಲಿ. ಮಲೆನಾಡಿನ ಸ್ಪ್ರೇಯರ್ ಮೆಕ್ಯಾನಿಕ್‌ಗೆ ಟು-ಸ್ಟ್ರೋಕ್ ಎಂಜಿನ್ ನೀರು ಕುಡಿದಷ್ಟು ಸಲೀಸು, ನಿಜ. ಆದರೆ ಅದು ಮೇಲರ್ಧದ ವಿದ್ಯೆ. ನೀರಿನಲ್ಲಿ ಮುಳುಗಿರುವ ಕಾಲಿನ ವಿದ್ಯೆಯೇ ಬೇರೆ.

ಆ ಕಾಲಿನೊಳಗೆ ನಡೆಯುವುದು ಇಷ್ಟು. ಮೇಲಿನಿಂದ ಇಳಿದ ಶಾಫ್ಟ್‌ನ ತುದಿಯ ಪುಟ್ಟ ಗೇರು, ಎದುರುಬದುರಾಗಿ ಕೂತ ಎರಡು ಗೇರುಗಳನ್ನು ಸದಾ ವಿರುದ್ಧ ದಿಕ್ಕಿಗೆ ತಿರುಗಿಸುತ್ತಿರುತ್ತದೆ. ಒಂದು ಫಾರ್ವರ್ಡ್, ಇನ್ನೊಂದು ರಿವರ್ಸ್. ನಡುವೆ ಹಲ್ಲುಳ್ಳ ಒಂದು ತುಂಡು, ಡಾಗ್ ಕ್ಲಚ್. ಲಿವರ್ ಎಳೆದಾಗ ಅದು ಸರಿದು ಒಂದು ಗೇರನ್ನು ಕಚ್ಚುತ್ತದೆ, ಫ್ಯಾನು (ಪ್ರೊಪೆಲ್ಲರ್) ತಿರುಗುತ್ತದೆ. ಯಾವುದನ್ನೂ ಕಚ್ಚದಿದ್ದರೆ ನ್ಯೂಟ್ರಲ್. ಕಾರಿನಂತೆ ನಿಧಾನಕ್ಕೆ ಹಿಡಿದುಕೊಳ್ಳುವ ಕ್ಲಚ್ ಇಲ್ಲಿಲ್ಲ. ಆದ್ದರಿಂದ ಗೇರನ್ನು ಮೆಲ್ಲಗೆ ಹಾಕುವ ನಾಜೂಕಿನವರೇ ಹಲ್ಲಿನ ಅಂಚನ್ನು ಸವೆಸುತ್ತಾರೆ. ಆಕ್ಸಿಲರೇಟರ್ ಪೂರ್ತಿ ಇಳಿಸಿ, ಒಂದೇ ಏಟಿಗೆ ‘ಟಕ್’ ಎಂದು ಹಾಕಬೇಕು.

ಪರೀಕ್ಷೆ ಹೊರಗಿನಿಂದ ಒಳಕ್ಕೆ ಸಾಗಬೇಕು. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಗೇರ್ ಕೇಬಲ್ಲನ್ನು ಎಂಜಿನ್ ತುದಿಯಲ್ಲಿ ಕಳಚುವುದು. ಒಬ್ಬರು ಫ್ಯಾನನ್ನು ಕೈಯಿಂದ ತಿರುಗಿಸುತ್ತಿರುವಾಗ ಇನ್ನೊಬ್ಬರು ಎಂಜಿನ್ನಿನ ಗೇರ್ ಕಡ್ಡಿಯನ್ನು ಸರಿಸಬೇಕು. ನ್ಯೂಟ್ರಲ್‌ನಲ್ಲಿ ಫ್ಯಾನು ಸರಾಗ ತಿರುಗಿ, ಗೇರಿಗೆ ಬಿದ್ದಾಗ ಕಚ್ಚಿಕೊಂಡರೆ ಒಳಗೆ ಸಾಮಾನ್ಯವಾಗಿ ಎಲ್ಲ ಕ್ಷೇಮ. ಅಪರಾಧಿ ಕೇಬಲ್ಲೋ ಲಿವರ್ ಪೆಟ್ಟಿಗೆಯೋ ಇರಬೇಕು. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕದಲದ ಕೇಬಲ್ ಒಳಗೇ ತುಕ್ಕು ಹಿಡಿದಿದ್ದರೆ ಆಶ್ಚರ್ಯವೇನು? ಗೇರ್ ಬೀಳುತ್ತದೆ, ಆದರೆ ಬಿಡಿಸಲು ಬರುವುದಿಲ್ಲ ಎಂದಾದರೆ ಐಡ್ಲಿಂಗ್ ವೇಗ ಹೆಚ್ಚಾಗಿದೆಯೇ ನೋಡಬೇಕು.

ಎಂಜಿನ್ ಅಬ್ಬರಿಸುತ್ತದೆ, ದೋಣಿ ಮುಂದೆ ಹೋಗುವುದಿಲ್ಲ ಎಂಬುದು ಇನ್ನೊಂದು ದೂರು. ಇದು ಫ್ಯಾನಿನೊಳಗಿನ ರಬ್ಬರ್ ಜಾರುವುದರಿಂದಲೂ ಆಗುತ್ತದೆ. ಒಳಗಿನ ಲೋಹದ ಬುಶ್‌ನಿಂದ ಫ್ಯಾನಿನ ಮೈವರೆಗೆ ಬಣ್ಣದ ಒಂದು ಗೆರೆ ಎಳೆದು, ಒಂದು ಸುತ್ತು ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿದ್ದರೆ ಕಳ್ಳ ಸಿಕ್ಕಿದ. ಸಣ್ಣ ಎಂಜಿನ್‌ಗಳಲ್ಲಿ ಬೊಡ್ಡೆಗೆ ಬಡಿದಾಗ ತಾನೇ ಮುರಿದು ಗೇರನ್ನು ಕಾಯಲೆಂದೇ ಇಟ್ಟ ಪಿನ್ ಇರುತ್ತದೆ; ಅದನ್ನೂ ನೋಡಿ.

ಇದಾದ ಮೇಲೇ ಗೇರ್ ಆಯಿಲ್. ಕೆಳಗಿನ ಪ್ಲಗ್ ಬಿಚ್ಚಿದಾಗ ಹಾಲು ಬೆರೆತ ಕಾಫಿಯ ಬಣ್ಣ ಬಂದರೆ ಸೀಲ್ ಸೋತು ನೀರು ಒಳಹೊಕ್ಕಿದೆ. ಲೋಹದ ಚೂರುಗಳು ಕಂಡರಂತೂ ಬಿಚ್ಚುವುದು ಅನಿವಾರ್ಯ. ಓಟದ ನಡುವೆ ಗೇರ್ ಹಾರುತ್ತಿದ್ದರೂ ಅಷ್ಟೇ, ಡಾಗ್‌ನ ಹಲ್ಲು ದುಂಡಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಅರದಿಂದ ಉಜ್ಜಿ ಚೂಪು ಮಾಡಿಕೊಡುವವರಿದ್ದಾರೆ. ಅದು ರಿಪೇರಿಯಲ್ಲ, ಮುಂದೂಡಿಕೆ. ಬಿಚ್ಚಿ ಜೋಡಿಸುವಾಗ ಗೇರ್ ಕಡ್ಡಿಯ ಎತ್ತರ ಸ್ವಲ್ಪ ತಪ್ಪಿದರೂ ಹೊಸ ಗೇರೇ ಬೀಳದು.

ನಿಮ್ಮಲ್ಲಿ ಇಂಥ ಎಂಜಿನ್ ಇದ್ದರೆ ಮೇ ಮುಗಿಯುವುದರೊಳಗೆ ಒಂದು ಕೆಲಸ ಮಾಡಿಬಿಡಿ. ಹಳೆಯ ಗೇರ್ ಆಯಿಲ್ ಇಳಿಸಿ, ಕೆಳಗಿನ ತೂತಿನಿಂದ ಹೊಸದನ್ನು ಮೇಲಿನ ತೂತಿನಲ್ಲಿ ಉಕ್ಕುವವರೆಗೆ ತುಂಬಿಸಿ, ಮೇಲಿನ ಪ್ಲಗ್ಗನ್ನು ಮೊದಲು ಬಿಗಿಯಿರಿ, ಕೆಳಗಿನದನ್ನು ಆಮೇಲೆ. ವಾಷರ್ ಹೊಸದೇ ಇರಲಿ.