ಅವಳಿ ಬಸಿರು

ಲವ-ಕುಶರ, ನಕುಲ-ಸಹದೇವರ ಕಥೆಗಳನ್ನು ಕೇಳಿ ಬೆಳೆದ ನಮ್ಮ ಜನರಿಗೆ ಅವಳಿ ಮಕ್ಕಳೆಂದರೆ ಹಿಗ್ಗು. ಸುಮಾರು ನೂರು ಹೆರಿಗೆಗಳಲ್ಲಿ ಒಂದರಲ್ಲಿ ಅವಳಿಗಳು ಹುಟ್ಟುತ್ತಾರೆ. ತ್ರಿವಳಿಗಳು ಬಹು ವಿರಳ. ಆದರೆ ಒಂದೇ ಒಡಲು ಎರಡು ಜೀವಗಳನ್ನು ಹೊರುವಾಗ ಅಪಾಯವೂ ಹೆಚ್ಚುತ್ತದೆ ಎಂಬುದನ್ನು ಮರೆಯಲಾಗದು.

ಅವಳಿಗಳಲ್ಲಿ ಎರಡು ಬಗೆ. ಎರಡು ಅಂಡಗಳು ಬೇರೆಬೇರೆಯಾಗಿ ಫಲಿತವಾದರೆ ಹುಟ್ಟುವ ಮಕ್ಕಳಲ್ಲಿ ಸಾಮಾನ್ಯ ಒಡಹುಟ್ಟಿದವರಷ್ಟೇ ಹೋಲಿಕೆಯಿರುತ್ತದೆ. ಫಲಿತವಾದ ಒಂದೇ ಅಂಡವು ಇಬ್ಭಾಗವಾದರೆ ತದ್ರೂಪಿಗಳು ಜನಿಸುತ್ತಾರೆ. ಇಂಥ ಶಿಶುಗಳಲ್ಲಿ ಬಹುಪಾಲಿಗೆ ಪೋಷಣೆ ದೊರೆಯುವುದು ಒಂದೇ ಮಾಸಿನಿಂದ. ಅದರ ರಕ್ತನಾಳಗಳು ಪರಸ್ಪರ ಕೂಡಿರುವುದರಿಂದ ಕೆಲವೊಮ್ಮೆ ಒಂದು ಶಿಶುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತದೆ. ಆಗ ಕೊಟ್ಟ ಶಿಶು ಸೊರಗುತ್ತದೆ. ಪಡೆದ ಶಿಶುವಿನ ಹೃದಯಕ್ಕೆ ಭಾರ ಮಿತಿಮೀರುತ್ತದೆ. ಮೂರನೆಯ ತಿಂಗಳ ಕೊನೆಯಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ ಮಾಸು ಒಂದೋ ಎರಡೋ ಎಂಬುದು ತಿಳಿಯುತ್ತದೆ.

ತಾಯಿಯ ಕಷ್ಟವೂ ಕಡಿಮೆಯಲ್ಲ. ಕಬ್ಬಿಣಾಂಶ ಸಾಲದೆ ರಕ್ತಹೀನತೆ ಬೇಗ ತಲೆದೋರುತ್ತದೆ. ರಕ್ತದ ಒತ್ತಡ ಏರಬಹುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಬಾವು ಅದರ ಮುನ್ಸೂಚನೆಗಳು. ಅತಿಯಾಗಿ ಹಿಗ್ಗಿದ ಗರ್ಭಕೋಶ ಹೆರಿಗೆಯ ಬಳಿಕ ಸರಿಯಾಗಿ ಕುಗ್ಗದಿದ್ದರೆ ರಕ್ತಸ್ರಾವವಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶಿಶುಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತೂಕ ಕಡಿಮೆ, ಶ್ವಾಸಕೋಶ ಬಲಿತಿರುವುದಿಲ್ಲ. ಅವುಗಳನ್ನು ಬೆಚ್ಚಗೆ ಕಾಪಾಡಬೇಕಾಗುತ್ತದೆ.

ಇವು ಬರಿಯ ಪುಸ್ತಕದ ಮಾತುಗಳಲ್ಲ. 2022ರ ನವೆಂಬರ್‌ನಲ್ಲಿ ತುಮಕೂರಿನ ಬಡ ಗರ್ಭಿಣಿಯೊಬ್ಬಳು ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯಿಂದ ಹಿಂದಿರುಗಬೇಕಾಯಿತು. ಮನೆಯಲ್ಲಿಯೇ ಹೆರಿಗೆಯಾಗಿ, ತಾಯಿಯೂ ಅವಳಿ ಶಿಶುಗಳೂ ಅಸುನೀಗಿದರು. ಕಾರ್ಡ್ ಇರಲಿ ಇಲ್ಲದಿರಲಿ, ನೋವಿನಿಂದ ಬಂದವಳಿಗೆ ಚಿಕಿತ್ಸೆ ದೊರೆಯಲೇಬೇಕು.

ಇಂಥ ಸಾವು ಮರುಕಳಿಸದಂತೆ ಮುಂಚಿತವಾಗಿಯೇ ಮಾಡಬೇಕಾದ ಸಿದ್ಧತೆಗಳಿವೆ. ವಿಜಯಪುರ ಜಿಲ್ಲೆಯ ಬಬಲೇಶ್ವರ, ತಿಕೋಟಾಗಳ ಸುತ್ತಲಿನ ಹಳ್ಳಿಗಳನ್ನೇ ನೋಡೋಣ. ಹಗಲಿನಲ್ಲಿ ಅಲ್ಪವೆನಿಸುವ ವಿಜಯಪುರದ ದಾರಿ, ನಡುರಾತ್ರಿ ತೋಟದ ಮನೆಯಲ್ಲಿ ನೋವು ಕಾಣಿಸಿಕೊಂಡಾಗ ಬಹು ದೀರ್ಘವಾಗುತ್ತದೆ. ಆದ್ದರಿಂದ ಬಸಿರು ತಿಳಿದೊಡನೆ ಆಶಾ ಕಾರ್ಯಕರ್ತೆಯಲ್ಲಿ ಹೆಸರು ಬರೆಯಿಸಿ ತಾಯಿ ಕಾರ್ಡ್ ಪಡೆಯಬೇಕು. 2016ರಲ್ಲಿ ಆರಂಭವಾದ ಯೋಜನೆಯಂತೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಅವಳಿಗಳೆಂದು ತಿಳಿದರೆ, ತಜ್ಞವೈದ್ಯರೂ ರಕ್ತನಿಧಿಯೂ ಇರುವ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡಿಕೊಂಡು, ನೋವು ಬಂದೊಡನೆ 108ಕ್ಕೆ ಕರೆಮಾಡಬೇಕು.

ಅವಳಿ ಬಸಿರು ರೋಗವಲ್ಲ, ಶಾಪವೂ ಅಲ್ಲ. ಅದು ಇಮ್ಮಡಿ ಎಚ್ಚರವನ್ನು ಬೇಡುವ ಸ್ಥಿತಿ. ಆ ಎಚ್ಚರ ತಾಯಿಯೊಬ್ಬಳ ಹೊಣೆಯಲ್ಲ. ಮನೆಯ, ಊರಿನ, ಆಸ್ಪತ್ರೆಯ ಎಲ್ಲರ ಹೊಣೆ.