ಒಲವು ಮತ್ತು ‘ಒಲ್ಲೆ’: ಪ್ರಣಯ ಕಾದಂಬರಿಗಳ ತೆರೆರೂಪ ಹಾಗೂ ಜಮಖಂಡಿ ಸೀಮೆಯ ವೀಕ್ಷಕರ ನುಡಿ

ಸಾರಾಂಶ: ಕನ್ನಡದ ಜನಪ್ರಿಯ ಪ್ರಣಯ ಕಾದಂಬರಿಗಳು ಚಲನಚಿತ್ರಗಳಾಗಿ, ಅನಂತರ ಕಿರುತೆರೆಯ ಮೂಲಕ ಮನೆಮನೆಗೆ ತಲುಪಿದಾಗ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ವೀಕ್ಷಕರು ಅವುಗಳ ಬಗ್ಗೆ ಆಡುವ ಮಾತಿನ ವ್ಯಾಕರಣವನ್ನು ಈ ಲೇಖನ ವಿವರಿಸುತ್ತದೆ. ಸರ್ವನಾಮ, ಗೌರವಸೂಚಕ, ಕ್ರಿಯಾರೂಪ ಹಾಗೂ ನಿಷೇಧರೂಪಗಳನ್ನು ಪರಿಶೀಲಿಸಿ, ವೀಕ್ಷಕರ ಪ್ರತಿಕ್ರಿಯೆಯು ಕಥೆಯ ಮೌಲ್ಯಮಾಪನವಷ್ಟೇ ಅಲ್ಲದೆ ಪಾತ್ರಗಳನ್ನು ತಮ್ಮ ನುಡಿಗೆ ತಂದುಕೊಳ್ಳುವ ಕ್ರಿಯೆಯೂ ಹೌದೆಂದು ವಾದಿಸುತ್ತದೆ.

ಕೀಲಿಪದಗಳು: ಉಪಭಾಷೆ, ರೂಪಾಂತರ, ನಿಷೇಧ ಕ್ರಿಯಾರೂಪ, ಗೌರವಸೂಚಕ, ಕಿರುತೆರೆ

1. ಪ್ರಸ್ತಾವನೆ

ಕಾದಂಬರಿಯೊಂದು ತೆರೆಗೆ ಬಂದಾಗ ವೀಕ್ಷಕರ ಪ್ರತಿಕ್ರಿಯೆಯನ್ನು ಕಥಾನಿಷ್ಠೆಯ ನೆಲೆಯಿಂದ ವಿವೇಚಿಸುವುದು ರೂಢಿ. ಮೂಲದಲ್ಲಿ ಇದ್ದದ್ದು ಉಳಿಯಿತೇ, ಇಲ್ಲದ್ದು ಸೇರಿತೇ ಎಂಬುದು ಆ ಚರ್ಚೆಯ ಕೇಂದ್ರ. ಜೇನ್ ಆಸ್ಟಿನ್ ಅವರ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯನ್ನು ಬಿಬಿಸಿ 1995ರಲ್ಲಿ ಧಾರಾವಾಹಿಯಾಗಿ ಪ್ರಸಾರ ಮಾಡಿತು. ನಾಯಕ ಡಾರ್ಸಿ ಕೊಳಕ್ಕಿಳಿದು ಒದ್ದೆಬಟ್ಟೆಯಲ್ಲೇ ನಾಯಕಿಗೆ ಎದುರಾಗುವ ಸನ್ನಿವೇಶ ಮೂಲ ಕೃತಿಯಲ್ಲಿಲ್ಲ. ಆದರೂ ಆ ಧಾರಾವಾಹಿಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಅದೇ.

ಕನ್ನಡದ ಸಂದರ್ಭದಲ್ಲಿ ಕಥಾನಿಷ್ಠೆಗಿಂತ ಮೊದಲು ಬರುವ ಪ್ರಶ್ನೆಯೊಂದಿದೆ. ಮುದ್ರಿತ ಕಾದಂಬರಿಯ ಗ್ರಂಥಸ್ಥ ಕನ್ನಡ ಯಾವ ಊರಿನದೂ ಅಲ್ಲ. ಓದುಗರು ಅದನ್ನು ತಮ್ಮ ತಮ್ಮ ಮನಸ್ಸಿನ ದನಿಯಲ್ಲಿ ಕೇಳಿಸಿಕೊಳ್ಳುತ್ತಾರೆ. ತೆರೆಯ ಮೇಲೆ ಈ ಸ್ವಾತಂತ್ರ್ಯ ಇಲ್ಲವಾಗುತ್ತದೆ. ಅಲ್ಲಿ ಪಾತ್ರ ಬಾಯಿ ತೆರೆದ ಕೂಡಲೇ ಅದಕ್ಕೊಂದು ಊರು, ಒಂದು ವರ್ಗ, ಒಂದು ಉಪಭಾಷೆ ಅಂಟಿಕೊಳ್ಳುತ್ತದೆ. ಕನ್ನಡ ತೆರೆಯಲ್ಲಿ ಆ ಉಪಭಾಷೆ ಬಹುಮಟ್ಟಿಗೆ ಮೈಸೂರು-ಬೆಂಗಳೂರು ಕಡೆಯದು. ಅದನ್ನು ಮನೆಯಲ್ಲಿ ಆಡದ ವೀಕ್ಷಕರು ಆ ಪ್ರಣಯಕಥೆಯನ್ನು ಯಾವ ನುಡಿಯಲ್ಲಿ ತಮ್ಮದಾಗಿಸಿಕೊಳ್ಳುತ್ತಾರೆ ಎಂಬುದೇ ಈ ಲೇಖನದ ಪ್ರಶ್ನೆ. ನಮ್ಮ ಉದ್ದೇಶ ಎಣಿಕೆಯಲ್ಲ, ರೂಪವಿವರಣೆ. ಇಲ್ಲಿ ಕೊಟ್ಟಿರುವ ಉದಾಹರಣೆಗಳು ಈ ಸೀಮೆಯ ಆಡುಮಾತಿನ ಸಾಮಾನ್ಯ ರೂಪಗಳಾಗಿವೆ.

2. ಬೀಳಗಿಯ ಕಾದಂಬರಿಕಾರ, ಮದರಾಸಿನ ಸ್ಟುಡಿಯೋ

ಈ ಪ್ರಶ್ನೆಗೆ ಬೀಳಗಿಯಿಂದಲೇ ಆರಂಭ ದೊರೆಯುತ್ತದೆ. ಕೌಟುಂಬಿಕ ಹಾಗೂ ಪ್ರಣಯ ಕಾದಂಬರಿಗಳಿಂದ ಓದುಗರ ದೊಡ್ಡ ಬಳಗವನ್ನು ಗಳಿಸಿದ ಕೃಷ್ಣಮೂರ್ತಿ ಪುರಾಣಿಕರು 1911ರಲ್ಲಿ ಜನಿಸಿದ್ದು ಬೀಳಗಿಯಲ್ಲಿ. ಮುಂದೆ ಗೋಕಾಕದಲ್ಲಿ ಶಿಕ್ಷಕರಾಗಿದ್ದು ಬರೆದರು. ಅವರ ‘ಧರ್ಮದೇವತೆ’ಯನ್ನು ಆಧರಿಸಿದ ‘ಕರುಣೆಯೇ ಕುಟುಂಬದ ಕಣ್ಣು’ 1962ರಲ್ಲಿಯೂ, ‘ಕುಲವಧು’ 1963ರಲ್ಲಿಯೂ ತೆರೆಕಂಡವು. ಎರಡರಲ್ಲಿಯೂ ರಾಜಕುಮಾರ್ ನಾಯಕರು. ಕನ್ನಡ ಚಿತ್ರರಂಗವು ಸಾಮಾಜಿಕ ಕಾದಂಬರಿಗಳತ್ತ ತಿರುಗಿದ ಆರಂಭಿಕ ಹಂತದಲ್ಲಿಯೇ ಈ ಸೀಮೆಯ ಲೇಖಕರೊಬ್ಬರ ಕೃತಿಗಳಿದ್ದವು ಎಂಬುದು ಗಮನಾರ್ಹ.

ಆದರೆ ಆ ಕಾಲದ ಕನ್ನಡ ಚಿತ್ರಗಳು ಸಿದ್ಧವಾಗುತ್ತಿದ್ದುದು ಮದರಾಸಿನಲ್ಲಿ. ಅವುಗಳ ಸಂಭಾಷಣೆ ಹಳೆಯ ಮೈಸೂರು ಸೀಮೆಯ ಶಿಷ್ಟರೂಪಕ್ಕೆ ಸಮೀಪವಾದದ್ದು. ಉತ್ತರದ ನುಡಿ ಆ ಸಂಭಾಷಣೆಯೊಳಗೆ ನಾಮಪದವಾಗಿ ಪ್ರವೇಶಿಸಬಹುದಿತ್ತು. ಪುರಾಣಿಕರ ಕೃತಿಯನ್ನೇ ಆಧರಿಸಿದ 1977ರ ‘ಸನಾದಿ ಅಪ್ಪಣ್ಣ’ ಇದಕ್ಕೆ ನಿದರ್ಶನ. ಶಹನಾಯಿಗೆ ಈ ಸೀಮೆಯಲ್ಲಿ ಬಳಕೆಯಲ್ಲಿರುವ ‘ಸನಾದಿ’ ಎಂಬ ಹೆಸರು ಚಿತ್ರದ ಶೀರ್ಷಿಕೆಯಲ್ಲಿಯೇ ನಿಂತು ನಾಡಿಗೆಲ್ಲ ಪರಿಚಯವಾಯಿತು. ಆದರೆ ನಾಮಪದಕ್ಕೆ ದೊರೆತ ಪ್ರವೇಶ ಕ್ರಿಯಾಪದದ ಪ್ರತ್ಯಯಗಳಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಉಪಭಾಷೆಯ ಗುರುತು ಇರುವುದು ಮುಖ್ಯವಾಗಿ ಕ್ರಿಯಾರೂಪದಲ್ಲಿಯೇ.

ದೂರದರ್ಶನ ಹಾಗೂ 1994ರಲ್ಲಿ ಆರಂಭವಾದ ಉದಯ ಟಿವಿಯಂಥ ವಾಹಿನಿಗಳ ಮೂಲಕ ಹಳೆಯ ಕಾದಂಬರಿ ಆಧಾರಿತ ಚಿತ್ರಗಳು ಮನೆಯೊಳಗೆ ಬಂದವು. ಕನ್ನಡದ ಹೆಚ್ಚಿನ ವೀಕ್ಷಕರಿಗೆ ಪ್ರಣಯ ಕಾದಂಬರಿಯ ಕಿರುತೆರೆಯ ರೂಪವೆಂದರೆ ವಾಸ್ತವವಾಗಿ ಈ ಮರುಪ್ರಸಾರಗಳೇ. ಚಿತ್ರಮಂದಿರದ ಕತ್ತಲೆಯಲ್ಲಿ ಮೌನವಾಗಿ ನೋಡಿದ್ದನ್ನು ಮನೆಯಲ್ಲಿ ಅತ್ತೆ, ಸೊಸೆ, ನೆಗೆಣ್ಣಿ, ನೆರೆಯವರು ಕೂಡಿ ಮಾತಾಡುತ್ತ ನೋಡತೊಡಗಿದ್ದರಿಂದ ಪ್ರತಿಕ್ರಿಯೆಗೆ ಗಟ್ಟಿ ದನಿ ಬಂದಿತು.

3. ಪಾತ್ರಗಳನ್ನು ಕರೆಯುವ ಬಗೆ

ತೆರೆಯ ನಾಯಕಿ ದಕ್ಷಿಣದ ಮಾತಿನಲ್ಲಿ ‘ಅವಳು’. ಈ ಸೀಮೆಯ ವೀಕ್ಷಕರ ಮಾತಿನಲ್ಲಿ ಆಕೆ ‘ಆಕಿ’ ಅಥವಾ ‘ಅಕಿ’ ಆಗುತ್ತಾಳೆ. ಶಿಷ್ಟ ಬರಹದಲ್ಲಿ ‘ಆಕೆ’ ಎಂಬುದಕ್ಕೆ ‘ಅವಳು’ ಎಂಬುದಕ್ಕಿಂತ ತುಸು ಹೆಚ್ಚಿನ ಗೌರವವಿದೆ. ಇಲ್ಲಿಯ ಆಡುಮಾತಿನಲ್ಲಿ ‘ಆಕಿ’ ಎಂಬುದು ಸಾಮಾನ್ಯ ಏಕವಚನ, ಅದರಲ್ಲಿ ಏರಿಳಿತದ ಸೂಚನೆಯಿಲ್ಲ. ಹೀಗಾಗಿ ದಕ್ಷಿಣದ ಕೇಳುಗರಿಗೆ ಗೌರವದಂತೆಯೂ ಇಲ್ಲಿಯವರಿಗೆ ಸಲಿಗೆಯಂತೆಯೂ ಕೇಳುವ ಒಂದೇ ಪದದಿಂದ ನಾಯಕಿ ನೆರೆಮನೆಯ ಹೆಣ್ಣುಮಗಳಾಗುತ್ತಾಳೆ.

ಗೌರವಸೂಚಕ ‘ರಿ’ ಇದಕ್ಕಿಂತ ಸ್ವಾರಸ್ಯಕರ. ತೆರೆಯ ಪ್ರಣಯಕಥೆಗಳಲ್ಲಿ ‘ರೀ’ ಎಂಬುದು ಹೆಂಡತಿ ಗಂಡನನ್ನು ಕರೆಯುವ ಸಂಬೋಧನೆಯಾಗಿ ನೆಲೆಗೊಂಡಿದೆ. ಅದು ದಾಂಪತ್ಯದ ಚಿಹ್ನೆ. ಇಲ್ಲಿಯ ನುಡಿಯಲ್ಲಿ ‘ಹೌದ್ರಿ’, ‘ಇಲ್ರಿ’, ‘ಬರ್ರಿ’, ‘ಅತ್ತಿಯರ ಬಂದಾರ್ರಿ’ ಎಂದು ಯಾವುದೇ ಪದಕ್ಕೂ ಹತ್ತುವ ಪ್ರತ್ಯಯವದು. ಅತ್ತೆ, ಗುರು, ಅಂಗಡಿಕಾರ, ದಾರಿಹೋಕ ಎಲ್ಲರಿಗೂ ಸಲ್ಲುತ್ತದೆ. ಆದ್ದರಿಂದ ಮದುವೆಯಾದ ಮರುದಿನದಿಂದ ನಾಯಕಿ ‘ರೀ’ ಎನ್ನತೊಡಗುವುದು ದಕ್ಷಿಣದ ಕಿವಿಗೆ ಸಂಬಂಧದ ತಿರುವು. ಇಲ್ಲಿಯ ಕಿವಿಗೆ ಅದರಲ್ಲಿ ವಿಶೇಷ ಅರ್ಥ ಕಾಣುವುದಿಲ್ಲ. ಅಪರಿಚಿತರಿದ್ದಾಗಲೇ ಆ ಮರ್ಯಾದೆ ಇರಬೇಕಿತ್ತಲ್ಲ ಎಂಬ ಪ್ರಶ್ನೆ ಹುಟ್ಟುತ್ತದೆ.

ಬಂಧುವಾಚಕಗಳಲ್ಲೂ ಇದೇ ಅಂತರವಿದೆ. ಜಮಖಂಡಿ ಮತ್ತು ಮುಧೋಳ 1948ರವರೆಗೆ ಮರಾಠಿ ಮನೆತನಗಳ ಆಳ್ವಿಕೆಯ ಸಂಸ್ಥಾನಗಳು. 1956ರವರೆಗೆ ಈ ಪ್ರದೇಶ ಮುಂಬಯಿ ರಾಜ್ಯಕ್ಕೆ ಸೇರಿತ್ತು. ‘ಕಾಕಾ’, ‘ಕಾಕು’, ‘ಮಾವಶಿ’, ‘ವೈನಿ’ ಮುಂತಾದ ಪದಗಳು ‘ಅವ್ವ’, ‘ಚಿಗವ್ವ’, ‘ದೊಡ್ಡವ್ವ’ಗಳ ಜೊತೆ ಇಲ್ಲಿಯ ಮನೆಗಳಲ್ಲಿ ಸಹಜವಾಗಿ ಬೆರೆತಿವೆ. ತೆರೆಯ ‘ಅತ್ತಿಗೆ’ಯನ್ನು ವೀಕ್ಷಕರು ಕಥೆ ಹೇಳುವಾಗ ‘ವೈನಿ’ ಎಂದು ಬದಲಿಸುವುದು ಈ ಹಿನ್ನೆಲೆಯಲ್ಲಿ ಅನುವಾದವೇ ಹೌದು.

4. ‘ಪ್ರೀತಿಸು’ ಮತ್ತು ‘ಮನಸ ಐತಿ’

ಪ್ರಣಯ ಕಾದಂಬರಿಯ ಮುಖ್ಯ ವಾಕ್ಯ ಪ್ರೇಮನಿವೇದನೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬಲ್ಲಿ ಪ್ರೀತಿಸುವವರು ಪ್ರಥಮಾ ವಿಭಕ್ತಿಯಲ್ಲಿ, ಪ್ರೀತಿಗೆ ಪಾತ್ರರಾದವರು ದ್ವಿತೀಯಾ ವಿಭಕ್ತಿಯಲ್ಲಿ ಇದ್ದಾರೆ. ಸಂಸ್ಕೃತ ನಾಮಪದಕ್ಕೆ ‘ಇಸು’ ಹಚ್ಚಿ ಮಾಡಿದ ಈ ಕ್ರಿಯಾಪದ ಬರಹದಲ್ಲಿ ಬೆಳೆದದ್ದು. ಇಲ್ಲಿಯ ಮನೆಮಾತಿನಲ್ಲಿ ಅದನ್ನು ಗಂಭೀರವಾಗಿ ಬಳಸಿದರೆ ‘ಪುಸ್ತಕದಾಗಿನ ಮಾತು’ ಎನಿಸಿಕೊಳ್ಳುತ್ತದೆ.

ಅದೇ ಸಂಗತಿಯನ್ನು ವೀಕ್ಷಕರು ಹೇಳುವ ಬಗೆ ಬೇರೆ: ‘ಆಕಿಗೆ ಅವನ ಮ್ಯಾಲ ಮನಸ ಐತಿ.’ ಇಲ್ಲಿ ಪ್ರೀತಿಸುವವರು ಚತುರ್ಥಿಯಲ್ಲಿದ್ದಾರೆ. ಹಸಿವೆ, ನೆನಪು, ಜ್ವರಗಳಂತೆ ಮನಸ್ಸೂ ವ್ಯಕ್ತಿಗೆ ಒದಗುವ ಅನುಭವ, ಅವರು ಕೈಗೊಂಡ ಕ್ರಿಯೆಯಲ್ಲ. ‘ಜೀವ ಹಚ್ಚಿಕೊಂಡಾಳ’ ಎಂಬಲ್ಲಿ ಕರ್ತೃ ಪ್ರಥಮೆಗೆ ಬಂದರೂ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವು ಪರಿಣಾಮವನ್ನು ಆಕೆಯ ಮೇಲೆಯೇ ತಿರುಗಿಸುತ್ತದೆ. ದಕ್ಷಿಣದ ಆಡುಮಾತಿನಲ್ಲಿಯೂ ಚತುರ್ಥಿಯ ರಚನೆಗಳಿವೆ ಎಂಬುದು ನಿಜ. ಆದರೆ ತೆರೆಯ ಪ್ರೇಮನಿವೇದನೆ ಅವುಗಳನ್ನು ಬಿಟ್ಟು ಬರಹದ ರಚನೆಯನ್ನೇ ಆರಿಸಿಕೊಂಡಿದೆ.

ಕಥೆಯನ್ನು ಮರುನಿರೂಪಿಸುವಾಗ ಬಳಸುವ ‘ಹಚ್ಚಿಕೊಂಡಾಳ’, ‘ಮಾಡ್ಯಾಳ’, ‘ಹೋಗ್ಯಾಳ’ ಎಂಬ ರೂಪಗಳು ಪೂರ್ಣ ವರ್ತಮಾನದವು. ಕೆಲಸ ಮುಗಿದಿದೆ, ಅದರ ಫಲ ಈಗಲೂ ಇದೆ ಎಂಬುದು ಇವುಗಳ ಅರ್ಥ. ಮೇಲ್ನೋಟಕ್ಕೆ ಇವು ಶಿಷ್ಟ ಕನ್ನಡದ ಸಂಭಾವನಾರ್ಥಕ ‘ಮಾಡಿಯಾಳು’ ಎಂಬುದನ್ನು ಹೋಲುತ್ತವೆ. ಅರ್ಥ ಮಾತ್ರ ಬೇರೆ: ಅಲ್ಲಿ ಮಾಡಬಹುದೆಂಬ ಊಹೆ, ಇಲ್ಲಿ ಮಾಡಿ ಮುಗಿಸಿದ್ದಾಳೆಂಬ ನಿಶ್ಚಯ. ದಶಕಗಳ ಹಿಂದಿನ ಚಿತ್ರದ ಕಥೆ ವೀಕ್ಷಕರ ಬಾಯಲ್ಲಿ ನಿನ್ನೆ ಓಣಿಯಲ್ಲಿ ನಡೆದ ಸುದ್ದಿಯಂತೆ ಕೇಳಲು ಈ ರೂಪವೇ ಕಾರಣ.

5. ‘ಒಲ್ಲೆ’ಯ ಬಲ

ತ್ರಿವೇಣಿಯವರ (1928–1963) ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದರು. ಲೇಖಕಿ ಅದನ್ನು ನೋಡಲು ಬದುಕಿರಲಿಲ್ಲ. ಶ್ರೀಮಂತ ಮನೆತನದ ಒಬ್ಬಳೇ ಮಗಳೆಂದು ಇಂದಿರೆಯನ್ನು ವರಿಸಲು ಒಪ್ಪಿದ ಮೋಹನ, ಆಕೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದಾಗ ಹಿಂದೆ ಸರಿಯುತ್ತಾನೆ. ಮುಂದೆ ಆತ ಗಾಯಗೊಂಡಾಗ ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಮನಸ್ಸು ಬದಲಿಸಿದ ಮೋಹನ ಮದುವೆಯ ಮಾತೆತ್ತಿದಾಗ ಆಕೆ ನಿರಾಕರಿಸುತ್ತಾಳೆ. ಪ್ರಣಯಕಥೆಯೊಂದು ಕೂಡುವಿಕೆಯ ಬದಲು ಹೆಣ್ಣಿನ ನಿರಾಕರಣೆಯಲ್ಲಿ ಮುಗಿಯುವುದೇ ಈ ಕೃತಿಯ ವಿಶೇಷ.

ಈ ಮುಕ್ತಾಯವನ್ನು ಇಲ್ಲಿಯ ನುಡಿಯಲ್ಲಿ ಮೆಚ್ಚುವ ವಾಕ್ಯ ಹೀಗಿರುತ್ತದೆ: ‘ಆಕಿ ಒಲ್ಲೆ ಅಂದಾಳ, ಛಲೋ ಮಾಡ್ಯಾಳ.’ ದಕ್ಷಿಣದ ಆಡುಮಾತಿನಲ್ಲಿ ಇದಕ್ಕೆ ಸಂವಾದಿಯಾದದ್ದು ‘ಬೇಡ’. ‘ಬೇಡ’ ಎಂಬುದಕ್ಕೆ ಪುರುಷ ಪ್ರತ್ಯಯವಿಲ್ಲ. ಯಾರಿಗೆ ಬೇಡ ಎಂಬುದನ್ನು ಚತುರ್ಥಿಯಲ್ಲಿ ಬೇರೆಯಾಗಿ ಹೇಳಬೇಕು. ‘ಒಲ್ಲೆ’ ಹಾಗಲ್ಲ. ನಾ ಒಲ್ಲೆ, ನೀ ಒಲ್ಲಿ, ಅಂವ ಒಲ್ಲ, ಆಕಿ ಒಲ್ಲಳು, ಅವರು ಒಲ್ಲರು ಎಂದು ಅದು ಪುರುಷ-ಲಿಂಗ-ವಚನಗಳಲ್ಲಿ ರೂಪಾಂತರ ಹೊಂದುತ್ತದೆ. ಕಾಲಸೂಚನೆಯಿಲ್ಲದ ಹಳಗನ್ನಡದ ನಿಷೇಧ ಕ್ರಿಯಾರೂಪ ಇಲ್ಲಿ ದಿನಬಳಕೆಯಲ್ಲಿ ಜೀವಂತವಾಗಿದೆ. ಅದು ಸಹಾಯಕವಾಗಿಯೂ ದುಡಿಯುತ್ತದೆ: ‘ಮಳಿ ಬರವಲ್ದು’, ‘ತಿಳೀವಲ್ದು’.

ಈ ಪದದ ಧಾತು ‘ಒಲ್’. ಒಲಿ, ಒಲವು, ಒಲುಮೆಗಳೂ ಇದೇ ಮೂಲದವು. ಕಾದಂಬರಿಗಳೂ ಚಿತ್ರಗೀತೆಗಳೂ ಆ ಧಾತುವಿನ ವಿಧಿರೂಪವನ್ನು ‘ಒಲವು’ ಎಂದು ಉಳಿಸಿಕೊಂಡಿವೆ. ಈ ಸೀಮೆಯ ಮನೆಮಾತು ಮುಖ್ಯವಾಗಿ ಅದರ ನಿಷೇಧರೂಪವನ್ನು ಉಳಿಸಿಕೊಂಡಿದೆ. ಹಿಂದಿನ ಭಾಗದಲ್ಲಿ ಕಂಡ ಚತುರ್ಥಿಯ ರಚನೆಯೊಡನೆ ಇದನ್ನು ಇಟ್ಟು ನೋಡಿದರೆ ಒಂದು ವ್ಯವಸ್ಥೆ ಗೋಚರಿಸುತ್ತದೆ. ಇಲ್ಲಿಯ ವ್ಯಾಕರಣದಲ್ಲಿ ಪ್ರೀತಿ ಒದಗಿಬರುವಂಥದ್ದು, ನಿರಾಕರಣೆ ವ್ಯಕ್ತಿ ತಾನಾಗಿ ಮಾಡುವಂಥದ್ದು. ಮನಸ್ಸು ಆಕೆಗೆ ಐತಿ, ಒಲ್ಲೆ ಎನ್ನುವವಳು ಆಕೆಯೇ. ಇಂದಿರೆಯ ಕಥೆಯ ತಿರುಳೂ ಇದೇ ಆಗಿರುವುದರಿಂದ ವೀಕ್ಷಕರ ‘ಒಲ್ಲೆ’ ಆ ಕಥೆಗೆ ಹೊರಗಿನಿಂದ ಬಂದ ಟೀಕೆಯಾಗಿ ಉಳಿಯುವುದಿಲ್ಲ. ಅದು ಕಥೆಯ ಅರ್ಥವನ್ನು ಇನ್ನಷ್ಟು ಖಚಿತಗೊಳಿಸುತ್ತದೆ.

6. ಈ ನುಡಿ ಪ್ರಣಯಕ್ಕೆ ಒದಗದೇ?

ತೆರೆಯಲ್ಲಿ ಉತ್ತರದ ನುಡಿ ಬಹುಕಾಲ ಹಾಸ್ಯಪಾತ್ರ, ಕೆಲಸದಾಳು ಅಥವಾ ಒರಟು ಹಳ್ಳಿಗನ ಪಾಲಿಗೆ ಮೀಸಲಾಗಿತ್ತು. ಇದರಿಂದ ಅದು ಕೋಮಲ ಭಾವಗಳಿಗೆ ಒಗ್ಗದೆಂಬ ಅಭಿಪ್ರಾಯ ಬೇರೂರಿದೆ. ಈ ಸೀಮೆಯ ರಂಗಪರಂಪರೆ ಅದನ್ನು ಸುಳ್ಳಾಗಿಸುತ್ತದೆ. ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಮುನಿಸು, ಮತ್ಸರ, ವಿರಹಗಳು ಹಾಡುಗಳ ನಡುವಿನ ಮಾತುಕತೆಯಲ್ಲಿ ಈ ಕಡೆಯ ಆಡುನುಡಿಯಲ್ಲಿಯೇ ಹೊಮ್ಮುತ್ತವೆ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ದುರಂತ ಪ್ರಣಯವೂ ಉತ್ತರದ ಆಡುಮಾತಿನದೇ. ಅಂದರೆ ಕೊರತೆ ನುಡಿಯಲ್ಲಿಲ್ಲ. ಅದನ್ನು ಯಾವ ಪಾತ್ರಕ್ಕೆ ಕೊಡಬೇಕೆಂಬ ಮಾಧ್ಯಮದ ಆಯ್ಕೆಯಲ್ಲಿದೆ.

ಆಯ್ಕೆ ಬದಲಾದ ನಿದರ್ಶನವೂ ಇದೆ. ವೈಶಾಲಿ ಕಾಸರವಳ್ಳಿಯವರು ಈಟಿವಿ ಕನ್ನಡಕ್ಕೆ ನಿರ್ದೇಶಿಸಿದ ‘ಮೂಡಲ ಮನೆ’ ಧಾರಾವಾಹಿಯಲ್ಲಿ ಮನೆತನದ ಹಿರಿಯರಿಂದ ಹಿಡಿದು ಎಲ್ಲರೂ ಉತ್ತರ ಕರ್ನಾಟಕದ ನುಡಿಯನ್ನಾಡಿದರು. ನಾಡಿನಾದ್ಯಂತ ಅದನ್ನು ನೋಡಿದರು, ತಿಳಿಯದೆಂಬ ಅಡ್ಡಿ ಬರಲಿಲ್ಲ. ಆದರೆ ‘ಉತ್ತರ ಕರ್ನಾಟಕದ ಮಾತು’ ಎಂಬ ಒಂದೇ ಹೆಸರಿನಡಿ ಹಲವು ನುಡಿಗಳಿವೆ ಎಂಬುದನ್ನೂ ಮರೆಯುವಂತಿಲ್ಲ. ಧಾರವಾಡದ ಸುಶಿಕ್ಷಿತ ಮನೆಗಳ ‘ಮಾಡ್ಲಿಕತ್ತಾಳ’ ಇಲ್ಲಿಯ ಬಹುಪಾಲು ಮನೆಗಳಲ್ಲಿ ‘ಮಾಡಾಕತ್ತಾಳ’. ಮೊದಲನೆಯದನ್ನೇ ಇಡೀ ಪ್ರದೇಶದ ಶಿಷ್ಟರೂಪವೆಂದು ಸ್ಥಾಪಿಸಿದರೆ ಹಳೆಯ ಸಮಸ್ಯೆ ಹೊಸ ಊರಿಗೆ ವರ್ಗವಾದಂತಾಗುತ್ತದೆ.

ಹಿಂದಿಯ ಅನುಭವವನ್ನು ಇಲ್ಲಿ ಹೋಲಿಸಬಹುದು. ದೇವಕಿನಂದನ ಖತ್ರಿಯವರ ಹತ್ತೊಂಬತ್ತನೆಯ ಶತಮಾನದ ಪ್ರಣಯಾದ್ಭುತ ಕಾದಂಬರಿ ‘ಚಂದ್ರಕಾಂತಾ’ 1994ರಿಂದ ದೂರದರ್ಶನದಲ್ಲಿ ಬಂದಾಗ ಕನ್ನಡಿಗರೂ ಅದನ್ನು ನೋಡಿದರು. ಅನ್ಯಭಾಷೆಯಾದ್ದರಿಂದ ಅಲ್ಲಿ ಯಾರ ಊರಿನ ಮಾತು ಎಂಬ ಪ್ರಶ್ನೆ ಏಳಲಿಲ್ಲ. ತಮ್ಮದೇ ಭಾಷೆಯಲ್ಲಿ ತಮ್ಮ ನುಡಿ ಕೇಳದಿದ್ದಾಗ ಮಾತ್ರ ಆ ಅಂತರ ಅರಿವಿಗೆ ಬರುತ್ತದೆ.

7. ಉಪಸಂಹಾರ

ವೀಕ್ಷಕರು ಕಥೆಯನ್ನು ಒಪ್ಪಿದರೇ, ತಿರಸ್ಕರಿಸಿದರೇ ಎಂಬುದರ ಜೊತೆಗೆ ಯಾವ ಸರ್ವನಾಮ, ಯಾವ ವಿಭಕ್ತಿ, ಯಾವ ನಿಷೇಧರೂಪದಲ್ಲಿ ಒಪ್ಪಿದರು ಎಂಬುದನ್ನೂ ದಾಖಲಿಸಿದರೆ ಉಪಭಾಷಾ ಅಧ್ಯಯನಕ್ಕೆ ಹೊಸ ಆಕರ ದೊರೆಯುತ್ತದೆ. ಪ್ರಶ್ನಾವಳಿಯ ಎದುರು ಶಿಷ್ಟಭಾಷೆಗೆ ಹೊರಳುವ ಮಾತುಗಾರರು ಧಾರಾವಾಹಿಯ ಖಳನನ್ನು ಬೈಯುವಾಗ ಹಾಗೆ ಹೊರಳುವುದಿಲ್ಲ. ತರಗತಿಗೂ ಇದರ ಉಪಯೋಗವಿದೆ. ‘ಒಲ್ಲೆ’ ಎಂಬುದನ್ನು ತಪ್ಪು ಕನ್ನಡವೆಂದು ತಿದ್ದಿಸಿಕೊಂಡ ಬನಹಟ್ಟಿಯ ವಿದ್ಯಾರ್ಥಿನಿಗೆ, ಅದು ಹಳಗನ್ನಡ ವ್ಯಾಕರಣದ ನಿಷೇಧ ಪ್ರಕರಣಕ್ಕೆ ತನ್ನ ಮನೆಯಲ್ಲೇ ಇರುವ ನಿದರ್ಶನವೆಂದು ತೋರಿಸಿಕೊಡಲು ಸಾಧ್ಯ.

ಬೀಳಗಿಯ ಪುರಾಣಿಕರ ಕಾದಂಬರಿಗಳು ಮುಂದೆಂದಾದರೂ ಧಾರಾವಾಹಿಗಳಾಗಿ ಬರುವುದಾದರೆ, ನಿರೂಪಣೆಯನ್ನು ಗ್ರಂಥಸ್ಥ ಕನ್ನಡದಲ್ಲಿಯೇ ಉಳಿಸಿಕೊಂಡು ಸಂಭಾಷಣೆಯ ಕ್ರಿಯಾರೂಪಗಳನ್ನು ಈ ಸೀಮೆಯಿಂದ ಪಡೆಯಬಹುದು. ಸಂಭಾಷಣಕಾರರು ಬೇರೆ ಊರಿನವರಾದರೆ ಪದಪಟ್ಟಿಯೊಂದೇ ಅವರಿಗೆ ಸಾಲದು. ಇಲ್ಲಿಯ ಮನೆಗಳಲ್ಲಿ ಹಳೆಯ ಚಿತ್ರವೊಂದನ್ನು ನೋಡುತ್ತ ನಡೆಯುವ ಮಾತುಕತೆಯನ್ನು ಅವರು ಕುಳಿತು ಕೇಳಬೇಕಾಗುತ್ತದೆ.