ಸೂಕ್ಷ್ಮದರ್ಶಕದ ಇತಿಹಾಸ ಮತ್ತು ಕೋಶಸಿದ್ಧಾಂತ: ಹಾವಸೆಯ ಎಲೆಯಿಂದ ಒಂದು ಪಾಠ

ಮಳೆಗಾಲ ಬಂತೆಂದರೆ ವೆರ್ಣಾದ ಮುರಕಲ್ಲಿನ ಗೋಡೆಗಳು ಹಾವಸೆಯಿಂದ ಹಸಿರಾಗುತ್ತವೆ. ಹಾವಸೆಯ ಪುಟ್ಟ ಎಲೆಯು ಬಹುಪಾಲು ಒಂದೇ ಕೋಶದಷ್ಟು ದಪ್ಪ. ಅದನ್ನು ಸೀಳಬೇಕಿಲ್ಲ, ಬಣ್ಣ ಹಚ್ಚಬೇಕಿಲ್ಲ. ಜೀವಕೋಶದ ಪಾಠಕ್ಕೆ ಇದಕ್ಕಿಂತ ಸುಲಭವಾದ ಮಾದರಿ ದೊರೆಯುವುದು ಕಷ್ಟ.

ಕೋಶಸಿದ್ಧಾಂತವನ್ನು ನಾವು ಸಾಮಾನ್ಯವಾಗಿ ಮೂರು ವಾಕ್ಯಗಳಲ್ಲಿ ಮುಗಿಸುತ್ತೇವೆ. ಜೀವಿಗಳೆಲ್ಲವೂ ಕೋಶಗಳಿಂದಾಗಿವೆ; ಕೋಶವು ಜೀವದ ಮೂಲ ಘಟಕ; ಕೋಶವು ಕೋಶದಿಂದಲೇ ಹುಟ್ಟುತ್ತದೆ. ವಿದ್ಯಾರ್ಥಿಗಳು ಇವನ್ನು ಕಂಠಪಾಠ ಮಾಡುತ್ತಾರೆ. ಆದರೆ ಈ ಮೂರು ವಾಕ್ಯಗಳನ್ನು ಬರೆಯಲು ಸುಮಾರು 190 ವರ್ಷಗಳು ಹಿಡಿದವು ಎಂಬುದೂ, ನಡುವೆ ದೊಡ್ಡ ತಪ್ಪೊಂದು ನಡೆಯಿತು ಎಂಬುದೂ ಅವರಿಗೆ ತಿಳಿಯುವುದಿಲ್ಲ.

ಹಿನ್ನೆಲೆ

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಕಾರ್ಕ್‌ನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೇನುಹಟ್ಟಿನಂಥ ಗೂಡುಗಳನ್ನು ಕಂಡನು. ಅವುಗಳಿಗೆ ಚಿಕ್ಕ ಕೋಣೆ ಎಂಬ ಅರ್ಥದ ‘ಸೆಲ್’ ಎಂಬ ಹೆಸರಿಟ್ಟನು. ಒಂದು ಘನ ಅಂಗುಲದಲ್ಲಿ ಇಂಥವು 120 ಕೋಟಿಗೂ ಹೆಚ್ಚೆಂದು ಲೆಕ್ಕ ಹಾಕಿದನು. ಅವನು ಕಂಡದ್ದು ಸತ್ತ ಕೋಶಗಳ ಭಿತ್ತಿಗಳನ್ನು.

ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವೆನ್‌ಹುಕ್ ತಾನೇ ಉಜ್ಜಿ ನಯಗೊಳಿಸಿದ ಒಂಟಿ ಮಸೂರಗಳಿಂದ ನೀರಿನ ಸೂಕ್ಷ್ಮಜೀವಿಗಳನ್ನು ಕಂಡು, 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಹಲವರು ನಂಬಲಿಲ್ಲ. 1677ರಲ್ಲಿ ಹುಕ್ ತಾನೇ ನೋಡಿ ದೃಢಪಡಿಸಿದನು. ಒಬ್ಬನು ಕಂಡದ್ದನ್ನು ಇನ್ನೊಬ್ಬನು ನೋಡಿ ಒಪ್ಪುವುದು ವಿಜ್ಞಾನದ ಕ್ರಮ.

1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟನು. ಸಸ್ಯಗಳು ಕೋಶಗಳಿಂದಾಗಿವೆ ಎಂದು 1838ರಲ್ಲಿ ಶ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಸಾರಿದರು. ಆದರೆ ಹೊಸ ಕೋಶಗಳು ದ್ರವದಿಂದ ಹರಳುಗಟ್ಟಿದಂತೆ ಉಂಟಾಗುತ್ತವೆ ಎಂದು ಇಬ್ಬರೂ ನಂಬಿದ್ದರು. ಕೋಳಿಯ ಭ್ರೂಣವನ್ನು ಪರೀಕ್ಷಿಸಿದ ರಾಬರ್ಟ್ ರೆಮಾಕ್, ಕೋಶಗಳು ವಿಭಜನೆಯಿಂದ ಹುಟ್ಟುತ್ತವೆಂದು 1852ರಲ್ಲಿ ಪ್ರತಿಪಾದಿಸಿದನು. 1855ರಲ್ಲಿ ರುಡಾಲ್ಫ್ ವಿರ್ಕೊ ಅದನ್ನು ಸೂತ್ರರೂಪಕ್ಕೆ ತಂದನು; ಕೀರ್ತಿಯೂ ಹೆಚ್ಚಾಗಿ ಅವನಿಗೇ ಸಂದಿತು.

ತರಗತಿಯ ಚಟುವಟಿಕೆ

1. ಹಾವಸೆಯ ಒಂದು ಎಲೆಯನ್ನು ಚಿಮುಟದಿಂದ ಬಿಡಿಸಿ, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿ ಇಡಿರಿ. ಹೊದಿಕೆ ಗಾಜನ್ನು ಓರೆಯಾಗಿ, ನಿಧಾನವಾಗಿ ಇಳಿಸಿರಿ.

2. ಮೊದಲು ಕಡಿಮೆ ವರ್ಧನೆಯಲ್ಲಿ, ಬಳಿಕ ಹೆಚ್ಚಿನದರಲ್ಲಿ ನೋಡಿಸಿರಿ. ಸಾಲಾಗಿ ಕೂಡಿದ ಕೋಶಗಳೂ ಅವುಗಳೊಳಗಿನ ಹಸಿರು ಕಣಗಳೂ ಕಾಣುತ್ತವೆ.

3. ಪ್ರತಿಯೊಬ್ಬರೂ ತಾವು ಕಂಡದ್ದನ್ನೇ ಚಿತ್ರಿಸಲಿ, ಪಠ್ಯಪುಸ್ತಕ ಮುಚ್ಚಿರಲಿ.

ಗಮನಿಸಬೇಕಾದ ತಪ್ಪು

ಕಪ್ಪು ಅಂಚಿನ ದುಂಡನೆಯ ಗಾಳಿಗುಳ್ಳೆಯನ್ನು ಕೆಲವು ಮಕ್ಕಳು ಕೋಶವೆಂದು ಬರೆಯುವುದುಂಟು. ಕೂಡಲೇ ಗೀಟು ಹಾಕಬೇಡಿರಿ. ‘ಹೊದಿಕೆ ಗಾಜನ್ನು ಮೆಲ್ಲಗೆ ಒತ್ತಿ ನೋಡು’ ಎನ್ನಿರಿ. ಗುಳ್ಳೆ ಸರಿಯುತ್ತದೆ, ಇಲ್ಲವೆ ಆಕಾರ ಬದಲಿಸುತ್ತದೆ. ಕೋಶಗಳು ಎಲೆಯೊಡನೆ ತಮ್ಮ ಜಾಗದಲ್ಲೇ ನಿಲ್ಲುತ್ತವೆ. ಆಗ ಶ್ವಾನ್‌ನ ತಪ್ಪಿನ ಕಥೆಯನ್ನು ಹೇಳಿರಿ. ದೊಡ್ಡ ವಿಜ್ಞಾನಿಯೂ ತಪ್ಪಿದನು, ಇನ್ನೊಬ್ಬನು ಮತ್ತೆ ನೋಡಿ ತಿದ್ದಿದನು ಎಂದರಿತ ಮಗು ಕೈಯೆತ್ತಲು ಹೆದರುವುದಿಲ್ಲ.

ಪದದ ಬಗ್ಗೆ

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿ, ಹಿಂದಿಗಳನ್ನೂ ಆಡುವವರು. ‘ಸೆಲ್’ ಎಂದರೆ ಅವರಿಗೆ ಮೊದಲು ನೆನಪಾಗುವುದು ಬ್ಯಾಟರಿಯ ಸೆಲ್ಲು. ಆದುದರಿಂದ ‘ಜೀವಕೋಶ’ ಎಂಬ ಪದದಿಂದಲೇ ಆರಂಭಿಸಿರಿ. ರೇಷ್ಮೆಹುಳುವಿನ ಗೂಡು, ಪದಕೋಶ, ಬೊಕ್ಕಸ ಎಂಬ ಅರ್ಥದ ಕೋಶ ಇವುಗಳನ್ನು ನೆನಪಿಸಿರಿ. ಒಳಗೆ ಏನನ್ನೋ ಕಾಪಿಟ್ಟುಕೊಂಡದ್ದು ಎಂಬ ಭಾವ ಮೂಡುತ್ತದೆ. ಹುಕ್‌ನ ಬರಿದಾದ ಕೋಣೆಗಿಂತ ನಮ್ಮ ಪದವು ಸತ್ಯಕ್ಕೆ ಹತ್ತಿರವಾಗಿದೆ.

ಮೌಲ್ಯಮಾಪನ

ಇಸವಿಗಳನ್ನು ಕೇಳುವುದಕ್ಕಿಂತ ಹೀಗೆ ಕೇಳಿರಿ: ಹುಕ್ ಕಂಡ ಕಾರ್ಕ್ ಕೋಶಕ್ಕೂ ನೀನು ಕಂಡ ಹಾವಸೆಯ ಕೋಶಕ್ಕೂ ಏನು ವ್ಯತ್ಯಾಸ? ಲೇವೆನ್‌ಹುಕ್‌ನ ಮಾತನ್ನು ಒಪ್ಪುವ ಮೊದಲು ಹುಕ್ ಏನು ಮಾಡಿದನು, ಏಕೆ?